ಹೊಗೆಯಿಲ್ಲದ ಹೊಗೆಸೊಪ್ಪು: ವೀಳ್ಯದ ಮರೆಯಲ್ಲಿ ಬೆಳೆದ ಚಟದ ಚರಿತ್ರೆ

ಕನ್ನಡದಲ್ಲಿ ತಂಬಾಕಿಗೆ ಹೊಗೆಸೊಪ್ಪು ಎಂದು ಹೆಸರು. ತಮಿಳು, ಮಲೆಯಾಳಗಳಲ್ಲಿಯೂ ಅದರ ಹೆಸರಿಗೆ ಹೊಗೆಯ ಎಲೆ ಎಂದೇ ಅರ್ಥ. ಬೆಂಕಿ ಮುಟ್ಟಿಸದೆ, ಹೊಗೆ ಬಿಡದೆ, ಬರೀ ಬಾಯಲ್ಲಿಟ್ಟು ಜಗಿಯುವವನೂ ಅಂಗಡಿಯಲ್ಲಿ ಕೇಳುವುದು ಹೊಗೆಸೊಪ್ಪನ್ನೇ. ಹೆಸರಿನಲ್ಲಿರುವ ಈ ಹೊಗೆ ನಮ್ಮ ವಿಚಾರವನ್ನೂ ಆವರಿಸಿಕೊಂಡಿದೆ. ಮಗನ ಕಿಸೆಯಲ್ಲಿ ಸಿಗರೇಟು ಸಿಕ್ಕಿದರೆ ಮನೆಯಲ್ಲಿ ಗದ್ದಲವೆದ್ದುಬಿಡುತ್ತದೆ; ಅದೇ ಮನೆಯ ಅಜ್ಜಿಯ ಎಲೆಯಡಿಕೆಯ ತಟ್ಟೆಯಲ್ಲಿರುವ ಹೊಗೆಸೊಪ್ಪಿನ ತುಂಡನ್ನು ಯಾರೂ ಪ್ರಶ್ನಿಸುವುದಿಲ್ಲ. ಹೊಗೆಯನ್ನು ನಾವು ಕೆಡುಕೆಂದು ಗುರುತಿಸಿದ್ದೇವೆ, ಸೊಪ್ಪನ್ನು ಹಾಗೆ ಗುರುತಿಸಿಲ್ಲ.

ಅಂಕಿ ಅಂಶಗಳು ಹೇಳುವ ಕಥೆ ಬೇರೆ. 2016-17ರಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 10.7 ಮಂದಿ ತಂಬಾಕು ಸೇದುತ್ತಿದ್ದರೆ, ಶೇ. 21.4 ಮಂದಿ ಅದನ್ನು ಹೊಗೆಯಿಲ್ಲದ ರೂಪದಲ್ಲಿ ಜಗಿಯುತ್ತಲೋ ಹಲ್ಲಿಗೆ ಉಜ್ಜುತ್ತಲೋ ಬಳಸುತ್ತಿದ್ದರು. ಕರ್ನಾಟಕದಲ್ಲಿ ಸೇದುವವರು ಶೇ. 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 16.3. ಅಂದರೆ ನಾವು ಬಾಯಿತುಂಬ ಖಂಡಿಸುವ ಚಟಕ್ಕಿಂತ, ನಾವು ಮೌನವಾಗಿರುವ ಚಟಕ್ಕೆ ಸುಮಾರು ಎರಡು ಪಟ್ಟು ಜನ ಅಂಟಿಕೊಂಡಿದ್ದಾರೆ. ದಿನವೂ ಜಗಿಯುವವನನ್ನು ದೃಢಮನಸ್ಸಿಲ್ಲದವನೆಂದು ಹೇಳಿ ಮಾತು ಮುಗಿಸುವುದು ಸುಲಭ. ಆದರೆ ಒಂದು ಚಟವು ನಾಲ್ಕು ಶತಮಾನಗಳಿಂದ ಮನೆಮನೆಗಳಲ್ಲಿ ನೆಲೆಸಿದೆಯೆಂದರೆ, ಅದನ್ನು ಅಲ್ಲಿ ನೆಲೆಗೊಳಿಸಿದ ಕಾರಣಗಳು ವ್ಯಕ್ತಿಯ ಮನಸ್ಸಿನ ಹೊರಗೂ ಇರಲೇಬೇಕು. ಅವುಗಳಲ್ಲಿ ಬಹಳಷ್ಟು ನಮ್ಮದೇ ನಾಡಿನ, ನಮ್ಮದೇ ಸಮುದಾಯದ ಚರಿತ್ರೆಯಲ್ಲಿವೆ.

ಹೊಗೆಸೊಪ್ಪಿಗಿಂತ ಮೊದಲು ತಾಂಬೂಲವಿತ್ತು. 14ನೇ ಶತಮಾನದಲ್ಲಿ ದೂರದ ಮೊರಾಕೊದಿಂದ ಹೊರಟು ನಮ್ಮ ಹೊನ್ನಾವರದವರೆಗೆ ಬಂದಿದ್ದ ಇಬ್ನು ಬತೂತರು ಆ ಪಟ್ಟಣದ ಸ್ತ್ರೀಯರು ಕುರ್‌ಆನನ್ನು ಕಂಠಸ್ಥ ಮಾಡಿಕೊಂಡಿದ್ದುದನ್ನೂ ಅಲ್ಲಿ ಹೆಣ್ಣುಮಕ್ಕಳಿಗೆಂದೇ 13 ಪಾಠಶಾಲೆಗಳಿದ್ದುದನ್ನೂ ಮೆಚ್ಚುಗೆಯಿಂದ ದಾಖಲಿಸಿದ್ದಾರೆ. ಅವರ ಪ್ರವಾಸಕಥನದಲ್ಲಿ ವೀಳ್ಯದೆಲೆಗೂ ದೊಡ್ಡ ಜಾಗವಿದೆ. ಮೊದಲು ಅಡಿಕೆಯನ್ನು ಸಣ್ಣಗೆ ಒಡೆದು ಬಾಯಿಗೆ ಹಾಕಿ, ಬಳಿಕ ಸುಣ್ಣ ಸವರಿದ ಎಲೆಯನ್ನು ಜಗಿಯುವ ಕ್ರಮವನ್ನು ಅವರು ವಿವರಿಸುತ್ತಾರೆ. ಅತಿಥಿಗೆ ಕೊಡುವ ಕೆಲವೇ ಎಲೆಗಳು ಈ ದೇಶದಲ್ಲಿ ಬೆಳ್ಳಿ ಬಂಗಾರಕ್ಕಿಂತ ಮಿಗಿಲಾದ ಗೌರವವೆಂದು ಬೆರಗಾಗುತ್ತಾರೆ. ಅದಾದ ನೂರು ವರ್ಷಗಳ ನಂತರ, 1443ರಲ್ಲಿ, ತೈಮೂರಿ ಸುಲ್ತಾನ ಶಾಹ್‌ರುಖ್‌ನ ರಾಯಭಾರಿಯಾಗಿ ಅಬ್ದುರ್ರಝಾಕ್ ಸಮರ್ಕಂದಿಯವರು ಕಲ್ಲಿಕೋಟೆಯಿಂದ ಮಂಗಳೂರು ಮಾರ್ಗವಾಗಿ ವಿಜಯನಗರವನ್ನು ತಲುಪಿದರು. ಇಮ್ಮಡಿ ದೇವರಾಯನ ಆಸ್ಥಾನದಲ್ಲಿ ಅವರಿಗೆ ಸಂದ ಮರ್ಯಾದೆಯಲ್ಲಿ ಹಣದ ಚೀಲ, ಕರ್ಪೂರಗಳ ಜೊತೆ ವೀಳ್ಯವೂ ಇತ್ತು. ಅವರೂ ಆ ಎಲೆಯ ಗುಣಗಳನ್ನು ಹೊಗಳಿ ಬರೆದರು.

ಈ ಇಬ್ಬರು ಮುಸ್ಲಿಮ್ ಪ್ರವಾಸಿಗರು ಕಂಡ ತಾಂಬೂಲದಲ್ಲಿ ಹೊಗೆಸೊಪ್ಪು ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಆ ಗಿಡ ಅಂದು ಅಮೆರಿಕ ಖಂಡದಲ್ಲಿ ಮಾತ್ರವಿತ್ತು. ಅರಬಿಗಳ ಬಾಯಲ್ಲಿ ತಾಂಬೂಲವು ತಂಬೂಲ್ ಆಗಿತ್ತು. ತಂಬಾಕು ಎಂಬ ಪದ ಬಂದದ್ದು ಬೇರೊಂದು ಸಮುದ್ರದಾಚೆಯಿಂದ. ಎರಡು ಹೆಸರುಗಳ ದನಿಯ ಹೋಲಿಕೆ ಬರೀ ಆಕಸ್ಮಿಕ. ಅವೆರಡೂ ಕೊನೆಗೆ ಒಂದೇ ಬಾಯಲ್ಲಿ ಸೇರಿದ್ದು ಮಾತ್ರ ಆಕಸ್ಮಿಕವಲ್ಲ.

ಆ ಸೇರುವಿಕೆಯ ಮೊದಲ ಸುಳಿವು ಸಿಗುವುದು ಬಿಜಾಪುರದಲ್ಲಿ. ಗೋವಾ 1510ರವರೆಗೆ ಆದಿಲ್‌ಶಾಹಿಗಳದ್ದಾಗಿತ್ತು, ಬಳಿಕ ಪೋರ್ಚುಗೀಸರ ಪಾಲಾಯಿತು. ಅವರ ಹಡಗುಗಳಲ್ಲಿ ಮೆಣಸಿನಕಾಯಿ, ಗೋಡಂಬಿಗಳಂತೆ ತಂಬಾಕೂ ಬಂತು. ಗೋವಾದ ಬೆನ್ನಿಗೇ ಇದ್ದ ಬಿಜಾಪುರ ರಾಜ್ಯಕ್ಕೆ ಅದು ಉತ್ತರ ಹಿಂದುಸ್ತಾನಕ್ಕಿಂತ ಮೊದಲೇ ತಲುಪಿತು. ಇಬ್ರಾಹೀಮ್ ಆದಿಲ್‌ಶಾಹ್ II ಆಳುತ್ತಿದ್ದ ಕಾಲದಲ್ಲಿ, ಅವನ ಮಗಳನ್ನು ಶಾಹ್‌ಝಾದಾ ದಾನಿಯಾಲನಿಗೆ ವಿವಾಹ ಮಾಡಿಸಿ ಕರೆದೊಯ್ಯುವ ಕಾರ್ಯಕ್ಕಾಗಿ ಅಕ್ಬರನು ಅಸದ್ ಬೇಗ್ ಎಂಬ ಅಧಿಕಾರಿಯನ್ನು ಬಿಜಾಪುರಕ್ಕೆ ಕಳುಹಿಸಿದ್ದನು. ಅಸದ್ ಬೇಗ್ ಅಲ್ಲಿ ತಂಬಾಕನ್ನು ಕಂಡನು. ಹಿಂದುಸ್ತಾನದಲ್ಲಿ ಎಂದೂ ನೋಡದ ವಸ್ತುವಾದ್ದರಿಂದ ಸ್ವಲ್ಪ ಕೊಂಡು, ಒಂದು ಅಂದವಾದ ಕೊಳವೆಯನ್ನೂ ಮಾಡಿಸಿ, 1604ರ ಸುಮಾರಿಗೆ ಆಗ್ರಾಕ್ಕೆ ಒಯ್ದನು. ಈ ಪ್ರಸಂಗವನ್ನು ಅವನೇ ವಿವರವಾಗಿ ಬರೆದಿಟ್ಟಿದ್ದಾನೆ.

ಆ ವಿವರದಲ್ಲಿ ಒಂದು ಸಣ್ಣ ಸಂಗತಿ ನಮ್ಮ ಗಮನವನ್ನು ಹಿಡಿದು ನಿಲ್ಲಿಸುತ್ತದೆ. ಬಿಜಾಪುರದ ಸುಲ್ತಾನನು ಅವನಿಗೆ ಬಹಳ ಸೊಗಸಾದ ಕೆಲಸವಿದ್ದ ಒಂದು ಎಲೆಯಡಿಕೆ ಚಂಚಿಯನ್ನು ಉಡುಗೊರೆಯಾಗಿ ಕೊಟ್ಟಿದ್ದನು. ಅಸದ್ ಬೇಗ್ ಆ ಚಂಚಿಯಲ್ಲಿ ತುಂಬಿಸಿದ್ದು ಎಲೆಯಡಿಕೆಯನ್ನಲ್ಲ, ತಂಬಾಕನ್ನು! ಬೆಳ್ಳಿಯ ತಟ್ಟೆಯಲ್ಲಿ ಎಲ್ಲವನ್ನೂ ಜೋಡಿಸಿ ಬಾದಶಾಹನ ಮುಂದಿಟ್ಟನು. ಅಂದು ಆ ತಂಬಾಕು ಸೇದುವುದಕ್ಕೆಂದು ಬಂದದ್ದು, ನಿಜ. ಆದರೆ ತಾಂಬೂಲದ ಗೌರವದ ಚೀಲದೊಳಗೆ ಕುಳಿತು ಅದು ದರಬಾರನ್ನು ಪ್ರವೇಶಿಸಿದ ಬಗೆಯಲ್ಲಿ ಮುಂದಿನ ನಾಲ್ಕು ಶತಮಾನಗಳ ಕಥೆ ಅಡಗಿದೆ ಎನಿಸುತ್ತದೆ.

ಅಕ್ಬರನು ಕುತೂಹಲದಿಂದ ಒಂದೆರಡು ಬಾರಿ ಸೇದಿದನು. ಆಸ್ಥಾನ ವೈದ್ಯನು ಅಷ್ಟಕ್ಕೇ ಸಾಕೆಂದು ತಡೆದನು. ನಂತರ ನಡೆದ ವಾದ ಬಹಳ ಸ್ವಾರಸ್ಯಕರ. ನಮ್ಮ ವೈದ್ಯಗ್ರಂಥಗಳಲ್ಲಿ ಈ ವಸ್ತುವಿನ ಪ್ರಸ್ತಾಪವೇ ಇಲ್ಲ, ಪರೀಕ್ಷಿಸದೆ ಇದರ ಗುಣವನ್ನು ಬಾದಶಾಹರಿಗೆ ಹೇಗೆ ಹೇಳಲಿ, ಫರಂಗಿಗಳ ಪದ್ಧತಿಯನ್ನು ಕಣ್ಣುಮುಚ್ಚಿ ಏಕೆ ಅನುಸರಿಸಬೇಕು ಎಂಬುದು ವೈದ್ಯನ ನಿಲುವು. ಆದಮರ ಕಾಲದಿಂದ ಇಂದಿನವರೆಗೆ ಪ್ರತಿಯೊಂದು ಪದ್ಧತಿಯೂ ಒಂದು ದಿನ ಹೊಸತೇ ಆಗಿತ್ತಲ್ಲವೇ ಎಂಬುದು ಅಸದ್ ಬೇಗನ ಉತ್ತರ. ಅಕ್ಬರನಿಗೆ ಆ ಉತ್ತರ ಮೆಚ್ಚುಗೆಯಾಯಿತು, ಆದರೆ ತಂಬಾಕಿನ ಅಭ್ಯಾಸವನ್ನು ಅವನು ಮಾಡಿಕೊಳ್ಳಲಿಲ್ಲ. ಅಮೀರರು ಮಾಡಿಕೊಂಡರು, ವ್ಯಾಪಾರಿಗಳು ಮಾರತೊಡಗಿದರು. ವಾದದಲ್ಲಿ ಗೆದ್ದವನು ಅಸದ್ ಬೇಗ್ ಇರಬಹುದು, ವಿವೇಕದ ಮಾತನ್ನಾಡಿದವನು ಆ ವೈದ್ಯ ಎಂಬುದು ನಮ್ಮ ಅಭಿಪ್ರಾಯ.

ಗ್ರಂಥಗಳಲ್ಲಿ ಇದರ ಪ್ರಸ್ತಾಪವಿಲ್ಲ ಎಂಬ ಕಷ್ಟವು ವೈದ್ಯರಿಗೆ ಎದುರಾದಂತೆಯೇ ಇಸ್ಲಾಮೀ ಕರ್ಮಶಾಸ್ತ್ರದ ವಿದ್ವಾಂಸರಿಗೂ ಎದುರಾಯಿತು. 17ನೇ ಶತಮಾನದುದ್ದಕ್ಕೂ ಕೈರೋ, ಡಮಾಸ್ಕಸ್, ಇಸ್ತಾಂಬುಲ್‌ಗಳಲ್ಲಿ ತಂಬಾಕಿನ ಬಗ್ಗೆ ಗಾಢವಾದ ಚರ್ಚೆ ನಡೆಯಿತು. ಈಜಿಪ್ಟಿನ ಮಾಲಿಕೀ ವಿದ್ವಾಂಸ ಇಬ್ರಾಹೀಮ್ ಅಲ್ಲಕಾನಿಯವರು ಅದರ ವಿರುದ್ಧ ಬರೆದರು. ಅದೇ ಮದ್‌ಹಬ್‌ನ, ಅದೇ ನಗರದ ಅಲೀ ಅಲ್‌ಉಜ್‌ಹೂರಿಯವರು ಬುದ್ಧಿಯನ್ನು ಮಂಕಾಗಿಸದ, ಸೇದುವವನಿಗೆ ಹಾನಿ ಮಾಡದ ಮಟ್ಟಿಗೆ ಅದು ಅನುವದನೀಯವೆಂದು ಗ್ರಂಥವನ್ನೇ ರಚಿಸಿದರು. ಮುಂದೆ ಡಮಾಸ್ಕಸ್‌ನ ಅಬ್ದುಲ್ ಗನಿ ಅನ್ನಾಬುಲುಸಿಯವರು, ಸ್ಪಷ್ಟ ಆಧಾರವಿಲ್ಲದೆ ಒಂದು ವಸ್ತುವನ್ನು ನಿಷಿದ್ಧವೆಂದು ಸಾರುವ ಅಧಿಕಾರ ಯಾರಿಗೂ ಇಲ್ಲವೆಂದು ವಾದಿಸಿದರು. ಈ ವಿದ್ವಾಂಸರ ಮುಂದೆ ಇಂದಿನ ವೈದ್ಯಕೀಯ ಮಾಹಿತಿ ಇರಲಿಲ್ಲ ಎಂಬುದನ್ನು ಮರೆತು ಅವರಲ್ಲಿ ಯಾರನ್ನೂ ಅಳೆಯಬಾರದು. ಹಾನಿ ಸಾಬೀತಾದರೆ ತೀರ್ಪು ಬದಲಾಗಬೇಕೆಂಬ ತತ್ವದಲ್ಲಿ ಅವರ ನಡುವೆ ಭಿನ್ನಾಭಿಪ್ರಾಯವೇ ಇರಲಿಲ್ಲ.

ಅರಸರು ಚರ್ಚೆಗೆ ಕಾಯಲಿಲ್ಲ. ಜಹಾಂಗೀರನು 1617ರಲ್ಲಿ ತಂಬಾಕನ್ನು ನಿಷೇಧಿಸಿದನು. ಇರಾನಿನ ಶಾಹ್ ಅಬ್ಬಾಸ್ ಕೂಡ ಅಂತಹುದೇ ಆಜ್ಞೆ ಹೊರಡಿಸಿದ್ದನು. ಉಸ್ಮಾನಿಯಾ ಸುಲ್ತಾನ ಮುರಾದ್ IV 1633ರಲ್ಲಿ, ಇಸ್ತಾಂಬುಲ್‌ನ ಭೀಕರ ಅಗ್ನಿದುರಂತದ ನಂತರ, ಕಾಫಿ ಮನೆಗಳನ್ನು ಮುಚ್ಚಿಸಿ ಸೇದುವವರಿಗೆ ಮರಣದಂಡನೆಯನ್ನೇ ವಿಧಿಸಿದನು. ಕಾತಿಬ್ ಚೆಲೆಬಿ ಎಂಬ ವಿದ್ವಾಂಸರು ಆ ದಿನಗಳನ್ನು ಕಣ್ಣಾರೆ ಕಂಡವರು. ಸೈನಿಕರು ತೋಳಿನೊಳಗೆ ಗಿಡ್ಡ ಕೊಳವೆಗಳನ್ನು ಬಚ್ಚಿಟ್ಟುಕೊಂಡು, ಶಿಕ್ಷೆ ಜಾರಿಯಾಗುತ್ತಿದ್ದ ಹೊತ್ತಿನಲ್ಲಿಯೂ ಸೇದುವ ಅವಕಾಶ ಹುಡುಕುತ್ತಿದ್ದರೆಂದು ಅವರು 1656ರಲ್ಲಿ ಪೂರ್ಣಗೊಳಿಸಿದ ತಮ್ಮ ಕೃತಿಯಲ್ಲಿ ಬರೆದಿದ್ದಾರೆ. ನಿಕೋಟಿನ್ ಎಂಬ ಹೆಸರು ಹುಟ್ಟುವುದಕ್ಕೆ ಎಷ್ಟೋ ಮೊದಲು ಅದರ ಹಿಡಿತವನ್ನು ಇಷ್ಟು ನಿಖರವಾಗಿ ಕಂಡವರು ವಿರಳ. ಇಲ್ಲಿ ಜಹಾಂಗೀರನ ಆಜ್ಞೆಯೂ ನಿಲ್ಲಲಿಲ್ಲ. ಬೇಸಾಯ ಹರಡಿತು, ಮೊಘಲ್ ಖಜಾನೆಗೆ ತಂಬಾಕಿನ ಸುಂಕ ಹರಿದು ಬಂತು.

ಈ ಇಡೀ ಚರ್ಚೆಯಲ್ಲಿ ತಂಬಾಕಿಗಿದ್ದ ಹೆಸರು ದುಖಾನ್, ಅಂದರೆ ಹೊಗೆ. ಕುರ್‌ಆನಿನ 44ನೇ ಅಧ್ಯಾಯದ ಹೆಸರೂ ಆಗಿರುವ ಅದೇ ಪದ. ಹೊಗೆಯ ದುರ್ಗಂಧ, ಬೆಂಕಿಯ ಅಪಾಯ, ಕಾಫಿ ಮನೆಯ ಹರಟೆ, ಹಣದ ಅಪವ್ಯಯ ಇವು ಆ ವಾದಗಳ ಮುಖ್ಯ ವಿಷಯಗಳಾಗಿದ್ದವು. ಹಿಂದುಸ್ತಾನದಲ್ಲಿ, ಅದರಲ್ಲೂ ದಖ್ಖನ್ನಿನಲ್ಲಿ ಮತ್ತು ಪಶ್ಚಿಮ ಕರಾವಳಿಯಲ್ಲಿ, ಈ ಸೊಪ್ಪು ಹಿಡಿದ ಇನ್ನೊಂದು ದಾರಿಗೆ ಆ ವಾದಗಳು ಹೆಚ್ಚು ತಟ್ಟಲಿಲ್ಲ. ಅದು ವೀಳ್ಯದೆಲೆಯೊಳಗೆ ಹೋಗಿ ಮಡಚಿಕೊಂಡಿತು. ಅಲ್ಲಿ ಬೆಂಕಿಯಿಲ್ಲ, ಹೊಗೆಯಿಲ್ಲ, ಏಲಕ್ಕಿ ಲವಂಗಗಳ ಪರಿಮಳವಿದೆ. ಜೊತೆಗೆ ಇಬ್ನು ಬತೂತರೂ ಹೊಗಳಿದ್ದ ಆ ಹಳೆಯ ಗೌರವವಿದೆ. ನಮ್ಮ ಹಿರಿಯರ ಮನೆಗಳಲ್ಲಿ ಪಾನ್‌ದಾನ್ ಎಂದರೆ ಮದುವೆಯ ಸಾಮಾನುಗಳಲ್ಲಿ ಒಂದು. ಅದರ ಖಾನೆಗಳಲ್ಲಿ ಸುಣ್ಣ, ಕಾಚು, ಅಡಿಕೆಗಳ ಪಕ್ಕದಲ್ಲೇ ಜರ್ದಾಕ್ಕೂ ಕಿಮಾಮ್‌ಗೂ ಸ್ಥಳ ಸಿಕ್ಕಿತು. ಅತಿಥಿಗೆ ಮುಂದೊಡ್ಡಿದ್ದನ್ನು ಅತಿಥಿ ನಿರಾಕರಿಸುವಂತಿರಲಿಲ್ಲ.

ಚಟವು ನಿತ್ಯದ ಅಗತ್ಯವಾಗಿ ಬೆಳೆದದ್ದಕ್ಕೆ ನಮ್ಮ ಕರಾವಳಿಯಲ್ಲಿ ಒಂದು ಸಾಕ್ಷ್ಯವಿದೆ. 19ನೇ ಶತಮಾನದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಮಲಬಾರ್ ಮತ್ತು ಕೆನರಾ ಜಿಲ್ಲೆಗಳಲ್ಲಿ ತಂಬಾಕಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ಮಳೆ ಹೆಚ್ಚಾದ ಈ ಸೀಮೆಗೆ ಸೊಪ್ಪು ಮುಖ್ಯವಾಗಿ ಘಟ್ಟದ ಮೇಲಿನ ಕೊಯಮತ್ತೂರಿನಿಂದ ಬರುತ್ತಿತ್ತು. ಕಂಪನಿಯು ಅದನ್ನು ತಾನೇ ಕೊಂಡು ಹೆಚ್ಚಿನ ಬೆಲೆಗೆ ಮಾರುತ್ತಿತ್ತು. ಜನ ಬೆಲೆ ಏರಿತೆಂದು ಬಿಡಲಿಲ್ಲ, ಕಷ್ಟಪಟ್ಟು ಕೊಂಡರು, ಸಿಟ್ಟಾದರು. 1837ರಲ್ಲಿ ಸುಳ್ಯದಿಂದ ಹೊರಟು ಮಂಗಳೂರನ್ನು ಮುತ್ತಿದ ಬಂಡಾಯಗಾರರು ಜನರಿಗೆ ಕೊಟ್ಟ ಭರವಸೆಗಳಲ್ಲಿ ಕಂದಾಯದ ವಿನಾಯಿತಿಯೊಂದಿಗೆ ಉಪ್ಪು ಮತ್ತು ಹೊಗೆಸೊಪ್ಪಿನ ಮೇಲಿನ ಹೊರೆಯನ್ನು ತೆಗೆಯುವ ಮಾತೂ ಸೇರಿತ್ತು. ಉಪ್ಪಿನ ಪಕ್ಕದಲ್ಲಿ ಹೊಗೆಸೊಪ್ಪು! ಅಮೆರಿಕದಿಂದ ಬಂದ ಒಂದು ಗಿಡ ಇನ್ನೂರೈವತ್ತು ವರ್ಷಗಳೊಳಗೆ ಊಟದ ಉಪ್ಪಿನಷ್ಟೇ ಅನಿವಾರ್ಯವಾಗಿಬಿಟ್ಟಿತ್ತು. ಕಂಪನಿ ಸರಕಾರಕ್ಕೆ ಇದು ಗೊತ್ತಿದ್ದೇ ಅದು ಏಕಸ್ವಾಮ್ಯಕ್ಕೆ ಈ ಸರಕನ್ನು ಆರಿಸಿಕೊಂಡಿತು; ಬಿಡಲಾಗದ ವಸ್ತುವಿನ ಮೇಲೆ ಹೇರಿದ ತೆರಿಗೆ ಎಂದೂ ಬತ್ತುವುದಿಲ್ಲ.

ಹೀಗೆ ಅನಿವಾರ್ಯವಾಗಲು ಸೊಪ್ಪಿನೊಳಗಿನ ನಿಕೋಟಿನ್ ಮೂಲ ಕಾರಣವಾದರೆ, ವೀಳ್ಯದ ಸುಣ್ಣ ಅದರ ಸಹಾಯಕ. ಸುಣ್ಣವು ಬಾಯಿಯ ರಸವನ್ನು ಕ್ಷಾರೀಯವಾಗಿಸುತ್ತದೆ. ಅಂತಹ ರಸದಲ್ಲಿ ನಿಕೋಟಿನ್ ಬಿಡುಗಡೆಗೊಂಡು ಕೆನ್ನೆಯ ತೆಳುವಾದ ಒಳಪದರದ ಮೂಲಕ ಬೇಗನೆ ರಕ್ತವನ್ನು ಸೇರುತ್ತದೆ. ಅಂಗೈಯಲ್ಲಿ ಸೊಪ್ಪಿನ ಪುಡಿಗೆ ಸುಣ್ಣ ಬೆರೆಸಿ ಹೆಬ್ಬೆರಳಿನಿಂದ ತಿಕ್ಕಿ ತುಟಿಯಡಿ ಇಡುವವನಿಗೆ ರಸಾಯನಶಾಸ್ತ್ರ ತಿಳಿದಿರುವುದಿಲ್ಲ, ಆದರೆ ಸುಣ್ಣವಿಲ್ಲದಿದ್ದರೆ "ಹಿಡಿಯುವುದಿಲ್ಲ" ಎಂಬುದು ತಿಳಿದಿರುತ್ತದೆ. ರಕ್ತಕ್ಕೆ ಸೇರಿದ ನಿಕೋಟಿನ್ ಸುಮಾರು ಎರಡು ಗಂಟೆಗಳಲ್ಲಿ ಅರ್ಧದಷ್ಟಾಗುತ್ತದೆ. ಆಗ ಮನಸ್ಸು ಚಡಪಡಿಸುತ್ತದೆ, ತಲೆ ಭಾರವಾಗುತ್ತದೆ, ಸಣ್ಣ ಮಾತಿಗೂ ಸಿಡುಕು ಬರುತ್ತದೆ. ಇನ್ನೊಂದು ಚಿಟಿಕೆ ಹಾಕಿದ ಕೂಡಲೇ ಎಲ್ಲವೂ ಶಮನವಾಗುತ್ತದೆ. ಜಗಿಯುವವನು ಇದನ್ನು ಹೊಗೆಸೊಪ್ಪು ನೀಡಿದ ನೆಮ್ಮದಿ ಎಂದು ತಿಳಿಯುತ್ತಾನೆ. ಆ ಚಡಪಡಿಕೆಯನ್ನು ಕೊಟ್ಟದ್ದೂ ಅದೇ ಸೊಪ್ಪು. ಬೆಳಿಗ್ಗೆ ಕಣ್ಣುಬಿಟ್ಟ ಅರ್ಧ ಗಂಟೆಯೊಳಗೆ ಬಾಯಿಗೆ ಹಾಕಲೇಬೇಕೆನಿಸಿದರೆ ಅವಲಂಬನೆ ಆಳವಾಗಿದೆಯೆಂದು ವೈದ್ಯರು ಗುರುತಿಸುತ್ತಾರೆ.

ಇದರ ಮೇಲೆ ದುಡಿಮೆಯ ಒತ್ತಡವಿದೆ. ನಿಕೋಟಿನ್ ಹಸಿವನ್ನು ಅಡಗಿಸುತ್ತದೆ, ನಿದ್ದೆಯನ್ನು ದೂರವಿಡುತ್ತದೆ. ಗದ್ದೆಯಲ್ಲಿ ಬಗ್ಗಿ ನಿಂತವನಿಗೆ, ಬಲೆ ಎಳೆಯುವವನಿಗೆ, ರಾತ್ರಿಯಿಡೀ ಲಾರಿ ಓಡಿಸುವವನಿಗೆ ಕೈ ಬಿಡುವು ಬೇಕಿಲ್ಲದ ತಂಬಾಕು ಬೇಕು. ಬೀಡಿ ಸೇದಲು ಕೆಲಸ ನಿಲ್ಲಿಸಬೇಕು, ಕೆನ್ನೆಯೊಳಗಿನ ಸೊಪ್ಪಿಗೆ ಅದು ಬೇಕಾಗಿಲ್ಲ. ಹೊಗೆಸೊಪ್ಪಿನ ಕಡ್ಡಿ, ದಂಟುಗಳನ್ನು ಪುಡಿಮಾಡಿದ ಕಡ್ಡಿಪುಡಿಯು ಕರ್ನಾಟಕದ ಬಡವರ ಪಾಲಿಗೆ ಬಂದದ್ದು ಅದು ಎಲ್ಲಕ್ಕಿಂತ ಅಗ್ಗ ಎಂಬ ಕಾರಣಕ್ಕೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಭಾರತದ ಹಳ್ಳಿಗಳಲ್ಲಿ ಹೊಗೆಯಿಲ್ಲದ ತಂಬಾಕಿನ ಬಳಕೆ ಶೇ. 24.6 ಇದ್ದರೆ ನಗರಗಳಲ್ಲಿ ಶೇ. 15.2 ಇತ್ತು. ಕಡಿಮೆ ಓದಿದವರಲ್ಲಿ ಬಳಕೆ ಹೆಚ್ಚು. ಬಡತನವನ್ನು ಮರೆತು ಚಟವನ್ನಷ್ಟೇ ಬೈಯುವ ಭಾಷಣಗಳು ಆ ಕೂಲಿಯವನ ಕಿವಿಗೆ ಬೀಳದಿರುವುದರಲ್ಲಿ ಆಶ್ಚರ್ಯವಿಲ್ಲ.

ಸ್ತ್ರೀಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಭಾರತದಲ್ಲಿ ಸೇದುವ ಸ್ತ್ರೀಯರು ಶೇ. 2 ಮಾತ್ರ, ಹೊಗೆಯಿಲ್ಲದ ತಂಬಾಕು ಬಳಸುವ ಸ್ತ್ರೀಯರು ಶೇ. 12.8. ಹೆಣ್ಣು ಸೇದುವುದನ್ನು ನಮ್ಮ ಸಮಾಜ ಸಹಿಸುವುದಿಲ್ಲ, ಆದ್ದರಿಂದ ಅವಳ ಚಟ ಹೊಗೆಯಿಲ್ಲದ, ಕಾಣದ ರೂಪವನ್ನೇ ಹಿಡಿಯಿತು. ಬೆಳಗಾವಿಯ ಕಡೆ ಹುರಿದ ಹೊಗೆಸೊಪ್ಪಿನ ಪುಡಿಯಾದ ಮಿಶ್ರಿಯನ್ನು ಹಲ್ಲುಜ್ಜುವ ನೆಪದಲ್ಲಿ ದಿನಕ್ಕೆ ಹಲವು ಬಾರಿ ಉಜ್ಜುವ ರೂಢಿಯಿದೆ. ಹಲ್ಲುನೋವಿಗೆ, ಹೆರಿಗೆಯ ನಂತರದ ಆಯಾಸಕ್ಕೆ, ಹೊಟ್ಟೆಯುಬ್ಬರಕ್ಕೆ ಔಷಧಿಯೆಂದು ಅತ್ತೆಯೋ ನೆರೆಯವಳೋ ಕೊಟ್ಟ ಮೊದಲ ಚಿಟಿಕೆ ನಿತ್ಯದ್ದಾಗಿ ಉಳಿಯುತ್ತದೆ. ದಕ್ಷಿಣ ಕನ್ನಡದಲ್ಲಿ ಇದಕ್ಕೆ ಮತ್ತೊಂದು ಮುಖವಿದೆ. ನಮ್ಮ ಎಷ್ಟೋ ತಾಯಂದಿರು ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿ, ಬ್ರಾಂಚಿಗೆ ಒಯ್ದು ಕೊಟ್ಟು, ಆ ಹಣದಲ್ಲಿ ಮಕ್ಕಳನ್ನು ಓದಿಸಿದ್ದಾರೆ; ಆ ಶ್ರಮಕ್ಕೆ ತಲೆಬಾಗದೆ ನಾವು ಒಂದು ಮಾತನ್ನೂ ಆಡಲಾರೆವು. ಆದರೆ ಮೊರದಲ್ಲಿ ತಂಬಾಕು ದಿನವಿಡೀ ತೆರೆದಿರುವ ಮನೆಯಲ್ಲಿ ಅದು ಪರಕೀಯ ವಸ್ತುವಾಗಿ ಉಳಿಯುವುದಿಲ್ಲ. ಮಕ್ಕಳು ಅದರ ವಾಸನೆಯಲ್ಲಿಯೇ ಬೆಳೆಯುತ್ತಾರೆ.

ಅನಾಹುತ ಬೆಳಕಿಗೆ ಬಂದದ್ದು ತಡವಾಗಿ. ದಕ್ಷಿಣ ತಿರುವಾಂಕೂರಿನ ನೆಯ್ಯೂರಿನ ಮಿಷನ್ ಆಸ್ಪತ್ರೆಯ ವೈದ್ಯರು 20ನೇ ಶತಮಾನದ ಆರಂಭದಿಂದಲೇ ತಮ್ಮಲ್ಲಿಗೆ ಬರುವ ಬಾಯಿಯ ಕ್ಯಾನ್ಸರ್ ರೋಗಿಗಳ ಸಂಖ್ಯೆಯನ್ನು ಕಂಡು ದಂಗಾಗಿದ್ದರು. 1933ರಲ್ಲಿ ಅಲ್ಲಿನ ಐ. ಎಂ. ಆರ್ ಅವರು ಲಾನ್ಸೆಟ್ ಪತ್ರಿಕೆಯಲ್ಲಿ ವೀಳ್ಯ ಜಗಿಯುವವರ ಬಾಯಿಯ ಕ್ಯಾನ್ಸರ್ ಕುರಿತು ಬರೆದು, ಬೆರಳನ್ನು ಹೊಗೆಸೊಪ್ಪಿನ ಕಡೆಗೆ ತೋರಿಸಿದರು. 1952ರಲ್ಲಿ ಆಫ್ರಿಕಾದ ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಬಾಯಿಯ ಒಳಪದರ ಗಡುಸಾಗಿ ಬಾಯಿ ತೆರೆಯಲಾಗದ ಕಾಯಿಲೆಯನ್ನು ಒಬ್ಬ ವೈದ್ಯರು ವರದಿ ಮಾಡಿದರು; ಇದರ ಮೂಲ ಅಡಿಕೆಯಲ್ಲಿದೆಯೆಂಬುದು ನಂತರ ದೃಢವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಬೆರೆತ ವೀಳ್ಯವನ್ನು 1985ರಲ್ಲಿಯೂ, ತಂಬಾಕಿಲ್ಲದ ವೀಳ್ಯವನ್ನು ಮತ್ತು ಅಡಿಕೆಯನ್ನು 2004ರಲ್ಲಿಯೂ ಕ್ಯಾನ್ಸರ್‌ಕಾರಕಗಳೆಂದು ಪ್ರಕಟಿಸಿತು. ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರ ಬಂಧುಗಳಿಗೆ ಈ ಕೊನೆಯ ಮಾತು ಕಹಿಯಾಗುತ್ತದೆ. ಆದರೂ ಅದನ್ನು ಬಚ್ಚಿಡುವುದು ಪ್ರಾಮಾಣಿಕತೆಯಲ್ಲ.

ವೈದ್ಯರು ಇಷ್ಟನ್ನು ಹೇಳುತ್ತಿದ್ದ ಅದೇ ದಶಕಗಳಲ್ಲಿ ಮಾರುಕಟ್ಟೆಯು ಎಲೆಯನ್ನು ಬಿಟ್ಟು ಚೀಟಿಯನ್ನು ಹಿಡಿಯಿತು. ಪಾನ್‌ದಾನ್ ಮುಂದೆ ಕುಳಿತು ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ ಮಡಚಲು ಸಮಯ ಬೇಕಿತ್ತು. ಆ ಸಮಯವೇ ದಿನಕ್ಕೆ ಎಷ್ಟು ಬಾರಿ ಎಂಬುದಕ್ಕೆ ಒಂದು ಮಿತಿಯಾಗಿತ್ತು. 1970ರ ದಶಕದಿಂದ ಪಾನ್ ಮಸಾಲಾ, ಅದರ ಬೆನ್ನಿಗೆ ತಂಬಾಕು ಬೆರೆತ ಗುಟ್ಕಾ, ಒಂದೆರಡು ರೂಪಾಯಿಯ ಪುಟ್ಟ ಚೀಟಿಗಳಲ್ಲಿ ಬಂದಾಗ ಆ ಮಿತಿ ಕಳಚಿತು. ಹಲ್ಲಿನಿಂದ ಹರಿದು ಬಾಯಿಗೆ ಸುರಿದುಕೊಂಡರೆ ಮುಗಿಯಿತು. ಕೆಡುವ ಎಲೆಯಿಲ್ಲದ್ದರಿಂದ ತಿಂಗಳುಗಟ್ಟಲೆ ಅಂಗಡಿಯಲ್ಲಿ ತೂಗಾಡಬಹುದು. ಬೆಲೆ ಮಕ್ಕಳ ಕೈಖರ್ಚಿಗೂ ಎಟುಕುವಷ್ಟು. ಸಿಹಿ, ಏಲಕ್ಕಿ, ಕೇವಡಾ ಪರಿಮಳಗಳು ಮೊದಲ ಬಾರಿಗೆ ತಿನ್ನುವವನ ಹೇಸಿಗೆಯನ್ನು ಅಳಿಸಿಹಾಕುತ್ತವೆ. ಹಿಂದೆ ಪ್ರಾಯ ಸಂದವರ ಅಭ್ಯಾಸವಾಗಿದ್ದದ್ದು ಹೈಸ್ಕೂಲು ಹುಡುಗರ ಅಭ್ಯಾಸವಾಯಿತು. ಇದನ್ನು ಯುವಕರ ನೈತಿಕ ಅಧಃಪತನವೆಂದು ನಮ್ಮ ವೇದಿಕೆಗಳಲ್ಲಿ ವರ್ಣಿಸಲಾಗುತ್ತದೆ. ನಮಗನಿಸುವಂತೆ, ಅಧಃಪತನದ ಹೆಚ್ಚಿನ ಪಾಲು ಆ ಚೀಟಿಯನ್ನು ರೂಪಿಸಿದವರದ್ದು.

ಕಾನೂನು ಹಿಂದೆ ಬಿದ್ದು ಓಡುತ್ತಿದೆ. 2003ರ ಕೇಂದ್ರ ಕಾಯಿದೆ ಶಾಲೆಗಳ 100 ಗಜದೊಳಗೆ ಮಾರಾಟವನ್ನು ನಿಷೇಧಿಸಿತು. ಆಹಾರ ಪದಾರ್ಥದಲ್ಲಿ ತಂಬಾಕಾಗಲಿ ನಿಕೋಟಿನ್ ಆಗಲಿ ಇರಕೂಡದೆಂಬ 2011ರ ನಿಯಮದ ಆಧಾರದಲ್ಲಿ ಕರ್ನಾಟಕ ಸರಕಾರ 2013ರ ಮೇ ಕೊನೆಯಲ್ಲಿ ಗುಟ್ಕಾವನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಅಂಗಡಿಗಳಲ್ಲಿ ಎರಡು ಚೀಟಿಗಳು ಜೋಡಿಯಾಗಿ ತೂಗಾಡಿದವು: ಒಂದರಲ್ಲಿ ತಂಬಾಕಿಲ್ಲದ ಪಾನ್ ಮಸಾಲಾ, ಇನ್ನೊಂದರಲ್ಲಿ ಬರೀ ತಂಬಾಕು. ಬೆರೆಸುವ ಕೆಲಸ ಗಿರಾಕಿಯದ್ದು. ತಂಬಾಕು ಖರೀದಿಯ ಕನಿಷ್ಠ ವಯಸ್ಸನ್ನು ರಾಜ್ಯವು 2025ರಲ್ಲಿ 18ರಿಂದ 21ಕ್ಕೆ ಏರಿಸಿದೆ. ಆದರೆ "ಹೋಗಿ ಅಂಗಡಿಯಿಂದ ಅಜ್ಜನಿಗೆ ತಂದುಕೊಡು ಮಗಾ" ಎಂದು ಹತ್ತು ವರ್ಷದ ಮೊಮ್ಮಗನ ಕೈಗೆ ಚಿಲ್ಲರೆ ಕೊಡುವ ಮನೆಯ ಬಾಗಿಲನ್ನು ಯಾವ ಅಧಿಕಾರಿಯೂ ಕಾಯಲಾರ. ಮನೆಯಲ್ಲಿ ಹಿರಿಯರು ಜಗಿಯುವುದನ್ನು ದಿನವೂ ನೋಡುವ ಮಗುವಿಗೆ ಅದು ಚಟವೆಂದು ಕಾಣುವುದಿಲ್ಲ, ದೊಡ್ಡವರಾಗುವುದೆಂದರೆ ಹೀಗೆಯೇ ಎಂದು ಕಾಣುತ್ತದೆ.

ಕರ್ಮಶಾಸ್ತ್ರದ ಚರ್ಚೆಯೂ ನಾಬುಲುಸಿಯವರ ಕಾಲದಲ್ಲಿ ನಿಂತುಹೋಗಿಲ್ಲ. ಅವರ ಮುಂದಿಲ್ಲದ ಪುರಾವೆ ನಮ್ಮ ಮುಂದಿದೆ. ಯೂಸುಫ್ ಅಲ್‌ಖರ್ಝಾವಿಯವರು 1960ರಲ್ಲಿ ಹೊರತಂದ ಹಲಾಲ್ ಮತ್ತು ಹರಾಮ್ ಕುರಿತ ಕೃತಿಯಲ್ಲಿ ತಂಬಾಕನ್ನು ಹಾನಿಕಾರಕ ವಸ್ತುಗಳ ಸಾಮಾನ್ಯ ನಿಯಮದಡಿ ಚರ್ಚಿಸಿದ್ದಾರೆ; ಹಾನಿ ಖಚಿತವಾದಲ್ಲಿ ನಿಷೇಧವೂ ಖಚಿತ ಎಂಬುದು ಆ ನಿಯಮ. ಇಂದು ಕೆಲವು ವಿದ್ವಾಂಸರು ಹರಾಮ್ ಎಂದರೆ, ಕೆಲವರು ಮಕ್ರೂಹ್ ಎಂಬಲ್ಲಿ ನಿಲ್ಲುತ್ತಾರೆ. ಜಗಿಯುವ ತಂಬಾಕನ್ನು ಆ ತೀರ್ಪಿನಿಂದ ಹೊರಗಿಡಲು, ಅದರಲ್ಲಿ ಹೊಗೆಯಿಲ್ಲ ಎಂಬುದನ್ನು ಬಿಟ್ಟರೆ ಬೇರೆ ಕಾರಣ ನಮಗೆ ಕಾಣುವುದಿಲ್ಲ. ಹಸಿ ಬೆಳ್ಳುಳ್ಳಿ, ಈರುಳ್ಳಿಯ ವಾಸನೆಯೊಂದಿಗೆ ಮಸೀದಿಗೆ ಬರುವುದನ್ನೇ ಪ್ರವಾದಿ(ಸ)ಯವರು ಇಷ್ಟಪಡಲಿಲ್ಲವೆಂಬ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ನಮ್ಮ ಕೆಲವು ಮಸೀದಿಗಳ ವುಝೂ ಕೊಳದ ಪಕ್ಕದ ಗೋಡೆಯ ಕೆಂಪು ಕಲೆಗಳು ಈರುಳ್ಳಿಯವಲ್ಲ.

ರಮಝಾನ್‌ನಲ್ಲಿ ಒಂದು ವಿಚಿತ್ರ ಸಂಗತಿ ನಡೆಯುತ್ತದೆ. ವರ್ಷವಿಡೀ ಎರಡು ಗಂಟೆ ಬಿಟ್ಟಿರಲಾರೆನೆಂದು ಹೇಳುವವನು ಹದಿಮೂರು ಹದಿನಾಲ್ಕು ಗಂಟೆ ಅದನ್ನು ಮುಟ್ಟದೆ ಇರುತ್ತಾನೆ, ಅದೂ ತಿಂಗಳಿಡೀ. ಮೊದಲ ಕೆಲವು ದಿನಗಳ ತಲೆನೋವು, ಸಿಡುಕುಗಳನ್ನು ಮನೆಯವರು ಉಪವಾಸದ ಆಯಾಸವೆಂದು ತಿಳಿಯುತ್ತಾರೆ. ಅದರಲ್ಲಿ ಒಂದು ಪಾಲು ನಿಕೋಟಿನ್ ಇಲ್ಲದ್ದರ ಪರಿಣಾಮ. ಪೂರ್ತಿ ಬಿಟ್ಟವರಲ್ಲಿ ಈ ತೊಂದರೆ ಮೊದಲ ವಾರದಲ್ಲಿ ತೀವ್ರವಾಗಿದ್ದು ಮೂರು ನಾಲ್ಕು ವಾರಗಳಲ್ಲಿ ಇಳಿದುಹೋಗುತ್ತದೆ. ರಮಝಾನ್‌ನ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮಗ್ರಿಬ್‌ನ ನಂತರ, ಖರ್ಜೂರ ನೀರುಗಳ ಬೆನ್ನಿಗೇ, ಕೈ ಕಿಸೆಯ ಕಡೆಗೆ ಹೋದರೆ ಆ ದಿನದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆ ರಾತ್ರಿಯ ಕೆಲವು ಗಂಟೆಗಳನ್ನು ದಾಟಿಸುವುದಕ್ಕೆ ಬೈಗುಳ ಸಾಲದು, ಜೊತೆಗೆ ಯಾರಾದರೂ ಬೇಕಾಗುತ್ತದೆ: ಹೆಂಡತಿ, ಮಗಳು, ತರಾವೀಹ್‌ಗೆ ಜೊತೆಯಾಗುವ ನೆರೆಯವನು, ಇಲ್ಲವೇ ವೈದ್ಯ. 2018ರಿಂದ ತಂಬಾಕಿನ ಪೊಟ್ಟಣಗಳ ಮೇಲೆಯೇ, ಆ ಭಯಾನಕ ಚಿತ್ರದ ಜೊತೆ, ಉಚಿತ ಸಹಾಯವಾಣಿಯ ಸಂಖ್ಯೆ ಮುದ್ರಿತವಾಗಿರುತ್ತದೆ: 1800-11-2356. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಗಳಲ್ಲಿ ಒಂದು. ಕರೆ ಮಾಡಿದವರು ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.